ಹಗಲು ಲೆಕ್ಕ, ರಾತ್ರಿ ಕಥೆ: ನೌಕರಿಯ ಜೊತೆಗೆ ಕಪ್ಪು ಹಾಸ್ಯ

(ಸಮ್ಮೇಳನದ ದಿಕ್ಸೂಚಿ ಭಾಷಣದ ಲಿಖಿತ ರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಉದ್ಯೋಗ ಮತ್ತು ಬರವಣಿಗೆಯ ಸಮತೋಲನ’. ಸಮತೋಲನ ಎಂದ ಕೂಡಲೇ ಒಬ್ಬ ಅಕೌಂಟೆಂಟನ್ನು ಕರೆಯೋಣ ಎಂದು ಅವರಿಗೆ ಹೊಳೆದಿರಬೇಕು. ಬ್ಯಾಲೆನ್ಸ್ ಶೀಟ್ ಹೊಂದಿಸುವವನಿಗೆ ಬಾಳನ್ನು ಹೊಂದಿಸುವುದೂ ಗೊತ್ತಿರುತ್ತದೆ ಎಂಬ ನಂಬಿಕೆ. ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಆ ನಂಬಿಕೆಯ ಬಗ್ಗೆ ಅವಳ ಅಭಿಪ್ರಾಯವನ್ನು ನೀವು ಚಹಾದ ಹೊತ್ತಿಗೆ ಕೇಳಬಹುದು.

ನಾನು ಚಾರ್ಟರ್ಡ್ ಅಕೌಂಟೆಂಟ್. ಹಗಲಲ್ಲಿ ಒಂದು ಕಂಪನಿಯ ಲೆಕ್ಕ ನೋಡುತ್ತೇನೆ, ರಾತ್ರಿ ಕಥೆ ಬರೆಯುತ್ತೇನೆ. ಕಥೆಗಳಲ್ಲಿ ಸಾವು, ಸಾಲ, ವೀಸಾ, ವಿಮೆ ಇರುತ್ತವೆ. ಓದಿದವರು ನಗುತ್ತಾರೆ, ಆಮೇಲೆ ‘ನಗಬಾರದಿತ್ತು’ ಎನ್ನುತ್ತಾರೆ. ಅದನ್ನು ಕಪ್ಪು ಹಾಸ್ಯ ಎಂದು ಕರೆಯುವುದು ರೂಢಿ. ಇಂಥವನಿಗೆ ನಮ್ಮವರು ಕೇಳುವ ಪ್ರಶ್ನೆ ಮೂರು. ಬರೆಯಲು ಹೊತ್ತು ಎಲ್ಲಿಂದ ಬರುತ್ತದೆ? ಕಷ್ಟದಲ್ಲಿರುವವರ ಬಗ್ಗೆ ನಗುವುದು ಸರಿಯೇ? ಇದರಿಂದ ನೌಕರಿಗೆ ಕುತ್ತು ಬರುವುದಿಲ್ಲವೇ? ಈ ಮೂರಕ್ಕೂ ನನಗೆ ತಿಳಿದಷ್ಟು ಹೇಳುತ್ತೇನೆ. ನಿಮ್ಮಲ್ಲಿ ಸೂಟ್‌ಕೇಸಿನ ಅಡಿಯಲ್ಲಿ ನೋಟ್‌ಬುಕ್ ಇಟ್ಟುಕೊಂಡವರು ಕೆಲವರಾದರೂ ಇದ್ದೀರಿ ಎಂಬುದು ನನಗೆ ಗೊತ್ತು. ಈ ಮಾತು ಮುಖ್ಯವಾಗಿ ಅವರಿಗೆ.

ನಮ್ಮ ಹಿಂದಿನವರ ಹಗಲು ಕೆಲಸ

‘ಬರವಣಿಗೆ ಎಂದರೆ ಪೂರ್ತಿ ಹೊತ್ತು ಬೇಕು, ನೌಕರಿ ಬಿಟ್ಟರೆ ಮಾತ್ರ ಸಾಧ್ಯ’ ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. ಕನ್ನಡದ ಹಾಸ್ಯ ಸಾಹಿತ್ಯದ ಇತಿಹಾಸವೇ ಅದನ್ನು ಒಪ್ಪುವುದಿಲ್ಲ.

1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರುವಾಯಿತು. ಅದನ್ನು ಕಟ್ಟಿದ ‘ರಾಶಿ’ಯವರು ವೃತ್ತಿಯಿಂದ ವೈದ್ಯರು, ಡಾ. ಎಂ. ಶಿವರಾಂ. ಹಗಲು ರೋಗಿಗಳ ನಾಡಿ ಹಿಡಿಯುತ್ತ, ಉಳಿದ ಹೊತ್ತಿನಲ್ಲಿ ಊರಿನ ನಾಡಿ ಹಿಡಿಯುತ್ತ ಕಾಲು ಶತಮಾನ ಆ ಪತ್ರಿಕೆಯನ್ನು ನಡೆಸಿದರು. ಆರ್.ಕೆ. ಲಕ್ಷ್ಮಣ್ ತಮ್ಮ ಆರಂಭದ ದಿನಗಳಲ್ಲಿ ವ್ಯಂಗ್ಯಚಿತ್ರ ಬರೆದದ್ದು ಅಲ್ಲೇ. ‘ತಿಂಮ’ನನ್ನು ಮನೆಮನೆಗೆ ಮುಟ್ಟಿಸಿದ ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, ಬಳ್ಳಾರಿ ಸೀಮೆಯಲ್ಲಿ ಪೊಲೀಸ್ ಇಲಾಖೆಯ ಗುಮಾಸ್ತರಾಗಿದ್ದವರು. ಠಾಣೆಯ ಕಾಗದಪತ್ರಗಳ ನಡುವೆ ಬದುಕಿದ ಮನುಷ್ಯನಿಗೆ ಕಾನೂನು, ಲಂಚ, ಭಕ್ತಿ, ಬೂಟಾಟಿಕೆ ಯಾವುದೂ ದೂರದ ವಿಷಯವಾಗಿರಲಿಲ್ಲ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು ‘ನನ್ನ ಭಯಾಗ್ರಫಿ’.

ನವಲಗುಂದದ ಶ್ರೀನಿವಾಸ ವೈದ್ಯರು ಕೆನರಾ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದವರು. ಲಘು ಹಾಸ್ಯದ ಪ್ರಬಂಧಗಳಿಂದ ಹೆಸರು ಮಾಡಿದರು. ನಿವೃತ್ತಿಯ ಬಳಿಕ ಬಂದ ಅವರ ಕಾದಂಬರಿ ‘ಹಳ್ಳ ಬಂತು ಹಳ್ಳ’ಕ್ಕೆ 2008ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬ್ಯಾಂಕಿನ ಲೆಡ್ಜರಿನ ಪಕ್ಕದಲ್ಲೇ ಒಂದು ಊರಿನ ಭಾಷೆಯನ್ನು ಅಷ್ಟು ವರ್ಷ ಕೆಡದಂತೆ ಕಾಪಾಡಿಕೊಂಡದ್ದು ಸಣ್ಣ ಕೆಲಸವಲ್ಲ.

ಯಶವಂತ ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋದವರು, ಪಾಲಿಮರ್ ತಂತ್ರಜ್ಞರು. 1979ರಲ್ಲಿ ಪ್ರಕಟವಾದ ಅವರ ‘ಶಿಕಾರಿ’ಯಲ್ಲಿ ನಾಗಪ್ಪ ಎಂಬ ಅಧಿಕಾರಿಯನ್ನು ಅವನ ಕಂಪನಿಯೇ ಬೇಟೆಯಾಡುತ್ತದೆ. ತನ್ನ ತಪ್ಪೇನು ಎಂದು ಅವನಿಗೆ ಯಾರೂ ನೇರವಾಗಿ ಹೇಳುವುದಿಲ್ಲ. ಕಂಪನಿಯೊಳಗೆ ಪತ್ರಗಳು ಹೇಗೆ ಓಡಾಡುತ್ತವೆ, ಒಬ್ಬನ ಹೆಸರು ನಿಧಾನಕ್ಕೆ ಹೇಗೆ ಕೆಡುತ್ತದೆ ಎಂಬುದನ್ನು ಒಳಗೆ ಕೂತು ನೋಡಿದವರಿಗೇ ಅಂಥ ಕಾದಂಬರಿ ಬರೆಯಲು ಸಾಧ್ಯ. ಈಚೆಗೆ ನೋಡುವುದಾದರೆ ವಿವೇಕ ಶಾನಭಾಗರು ಎಂಜಿನಿಯರ್. ಅವರ ‘ಘಾಚರ್ ಘೋಚರ್’ನ ನಿರೂಪಕ ಮನೆಯವರ ಮಸಾಲೆ ಕಂಪನಿಯಲ್ಲಿ ಹೆಸರಿಗಷ್ಟೇ ಡೈರೆಕ್ಟರ್, ಕೆಲಸವಿಲ್ಲ, ಸಂಬಳವಿದೆ. ಮನೆಗೆ ದುಡ್ಡು ಬಂದ ಮೇಲೆ ಮನೆಯವರು ಹೇಗಾದರು ಎಂಬುದನ್ನು ನಗಿಸುತ್ತ ನಗಿಸುತ್ತ ಹೇಳಿ ಕೊನೆಗೆ ನಮ್ಮ ಬೆನ್ನಿನಲ್ಲಿ ಚಳಿ ಹುಟ್ಟಿಸುವ ಕಥೆ ಅದು. ಕಪ್ಪು ಹಾಸ್ಯ ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರು ಆ ಚಿಕ್ಕ ಪುಸ್ತಕವನ್ನು ಓದಬೇಕು.

ಹೊರಗಿನ ಒಂದೇ ಒಂದು ಉದಾಹರಣೆ. ಫ್ರಾಂಜ್ ಕಾಫ್ಕಾ 1908ರಲ್ಲಿ ಪ್ರಾಗ್ ನಗರದ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಸೇರಿ, ಕ್ಷಯ ಉಲ್ಬಣಿಸಿ 1922ರಲ್ಲಿ ನಿವೃತ್ತನಾಗುವವರೆಗೂ ಅಲ್ಲೇ ಇದ್ದ. ಮರ ಹೆರೆಯುವ ಯಂತ್ರಗಳಲ್ಲಿ ಕೂಲಿಗಳ ಬೆರಳು ತುಂಡಾಗದಂತೆ ಏನು ಮಾಡಬೇಕು ಎಂದು ವರದಿ ಬರೆಯುವುದೂ ಅವನ ಕೆಲಸದ ಭಾಗವಾಗಿತ್ತು. ರಾತ್ರಿ ಬರೆದ ‘ದ ಟ್ರಯಲ್’ ಕಾದಂಬರಿಯ ಮೊದಲ ಅಧ್ಯಾಯವನ್ನು ಗೆಳೆಯರಿಗೆ ಓದಿ ಹೇಳುವಾಗ ಅವನಿಗೇ ನಗು ತಡೆಯಲಾಗಲಿಲ್ಲ ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್ ಬರೆದಿಟ್ಟಿದ್ದಾನೆ. ನಾವು ಗಂಭೀರ ಮುಖ ಮಾಡಿಕೊಂಡು ಓದುವ ಪುಸ್ತಕ ಅದು.

ಇವರ ನೌಕರಿ ಬರವಣಿಗೆಗೆ ಬರೀ ಅಡ್ಡಿಯಾಗಿರಲಿಲ್ಲ. ಸರಕು ಬಂದದ್ದೇ ಅಲ್ಲಿಂದ. ಆಸ್ಪತ್ರೆ, ಠಾಣೆ, ಬ್ಯಾಂಕು, ಕಾರ್ಖಾನೆ, ವಿಮಾ ಕಚೇರಿ ಇವೆಲ್ಲ ಮನುಷ್ಯನ ಕಷ್ಟವನ್ನು ಒಂದು ಫಾರ್ಮಿನಲ್ಲಿ ತುಂಬುವ ಜಾಗಗಳು. ಕಷ್ಟಕ್ಕೂ ಫಾರ್ಮಿಗೂ ಅಳತೆ ಹೊಂದುವುದೇ ಇಲ್ಲ. ಕಪ್ಪು ಹಾಸ್ಯ ಹುಟ್ಟುವುದು ಆ ಹೊಂದದ ಜಾಗದಲ್ಲಿ.

ಬೆಕ್ಕಿನ ನಗು, ಇಲಿಯ ನಗು

ಈಗ ಎರಡನೇ ಪ್ರಶ್ನೆ. ಕಷ್ಟದ ಬಗ್ಗೆ ನಗಬಹುದೇ?

ನಮ್ಮ ಭಾಷೆಯಲ್ಲೇ ಇದಕ್ಕೊಂದು ಗಾದೆ ಇದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಈ ಗಾದೆಯಲ್ಲಿ ನಡೆಯುವುದು ಒಂದೇ ಘಟನೆ, ಆದರೆ ಅದನ್ನು ಇಬ್ಬರು ಹೇಳಬಹುದು. ಬೆಕ್ಕು ಹೇಳಿದರೆ ಅದು ಗೇಲಿ. ಕಾರ್ಮಿಕನ ಹರುಕು ಇಂಗ್ಲಿಷು, ಹೊಸದಾಗಿ ಬಂದವನು ಎಸ್ಕಲೇಟರ್ ಮುಂದೆ ನಿಂತು ಹೆದರಿದ್ದು, ಅಡುಗೆಯವನ ಅಳು, ಇವನ್ನು ಮೇಲಿನಿಂದ ನೋಡಿ ನಗಿಸುವುದು ಬೆಕ್ಕಿನ ಹಾಸ್ಯ. ಅದೇ ಘಟನೆಯನ್ನು ಇಲಿ ಹೇಳಿದರೆ, ಅಂದರೆ ಸಿಕ್ಕಿಬಿದ್ದವನೇ ತನ್ನ ಸ್ಥಿತಿ ನೋಡಿ, ಬೆಕ್ಕಿನ ಗಾಂಭೀರ್ಯ ನೋಡಿ ನಕ್ಕರೆ, ಆಗ ಅದು ಕಪ್ಪು ಹಾಸ್ಯ. ಬರೆಯುವ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಕಥೆ ಹೇಳುತ್ತಿರುವವರು ಯಾರು?

ಕರಾವಳಿಯಿಂದ ಬಂದವರಿಗೆ ಇದು ಹೊಸದಲ್ಲ. ಯಕ್ಷಗಾನದಲ್ಲಿ ಯುದ್ಧ, ಶಾಪ, ಸಾವಿನ ನಡುವೆಯೇ ಹಾಸ್ಯಗಾರ ದೂತನಾಗಿ ಬರುತ್ತಾನೆ. ರಾಜನ ಆಜ್ಞೆ ಹೊತ್ತುಕೊಂಡು ಹೋಗಿ ಪೆಟ್ಟು ತಿನ್ನುವವನು ಅವನೇ. ಅವನ ಮಾತಿಗೆ ಸಭೆ ಗೊಳ್ಳೆಂದು ನಗುತ್ತದೆ, ಆದರೆ ರಾಜನ ಆಜ್ಞೆ ಎಷ್ಟು ಅರ್ಥಹೀನ ಎಂದು ಎಲ್ಲರಿಗಿಂತ ಮೊದಲು ತಿಳಿದವನೂ ಅವನೇ.

ಕುವೈತಿಗೆ ಬರೋಣ. ಪ್ಯಾಲೆಸ್ಟೀನಿನ ಲೇಖಕ ಘಸ್ಸಾನ್ ಕನಫಾನಿ 1950ರ ದಶಕದ ಕೊನೆಯಲ್ಲಿ ಇಲ್ಲಿ ಶಾಲಾ ಮಾಸ್ತರನಾಗಿದ್ದ. ಅವನೂ ನಮ್ಮ ಹಾಗೆ ಕೆಲಸಕ್ಕೆ ಬಂದವನೇ. 1963ರಲ್ಲಿ ಪ್ರಕಟವಾದ ಅವನ ‘ಬಿಸಿಲಿನಲ್ಲಿ ಗಂಡಸರು’ ಎಂಬ ಅರ್ಥದ ಹೆಸರಿನ ಕಿರುಕಾದಂಬರಿಯಲ್ಲಿ ಮೂವರು ಕೆಲಸ ಹುಡುಕಿಕೊಂಡು ಖಾಲಿ ನೀರಿನ ಟ್ಯಾಂಕರಿನೊಳಗೆ ಅಡಗಿ ಕುವೈತಿನ ಗಡಿ ದಾಟಲು ಹೊರಡುತ್ತಾರೆ. ಗಡಿ ಕಟ್ಟೆಯಲ್ಲಿ ಕಾಗದಕ್ಕೆ ಸಹಿ ಹಾಕಬೇಕಾದ ಅಧಿಕಾರಿಗಳು ಡ್ರೈವರನನ್ನು ಹಿಡಿದುಕೊಂಡು ಒಬ್ಬ ನರ್ತಕಿಯ ವಿಷಯ ಎತ್ತಿ ತಮಾಷೆ ಮಾಡುತ್ತ ಕೂರುತ್ತಾರೆ. ಆ ತಮಾಷೆ ಮುಗಿಯುವಷ್ಟರಲ್ಲಿ ಟ್ಯಾಂಕಿನೊಳಗಿದ್ದವರು ಸತ್ತಿರುತ್ತಾರೆ. ಅದು ಹಾಸ್ಯದ ಪುಸ್ತಕವಲ್ಲ. ಆದರೆ ಹಾಸ್ಯ ಬರೆಯುವವರೆಲ್ಲ ಓದಬೇಕಾದ ಪುಸ್ತಕ. ನಗು ಯಾವ ಕಡೆಯಿಂದ ಬರುತ್ತಿದೆ, ಅದರ ಬೆಲೆ ಯಾರು ತೆರುತ್ತಿದ್ದಾರೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ.

ಅಬುಧಾಬಿಯಲ್ಲಿ ಬೆಳೆದ ದೀಪಕ್ ಉಣ್ಣಿಕೃಷ್ಣನ್ 2017ರಲ್ಲಿ ಇಂಗ್ಲಿಷಿನಲ್ಲಿ ‘ಟೆಂಪರರಿ ಪೀಪಲ್’ ಎಂಬ ಪುಸ್ತಕ ತಂದರು. ಅದರ ಒಂದು ಕಥೆಯಲ್ಲಿ ಕಟ್ಟಡದಿಂದ ಬಿದ್ದ ಕೂಲಿಗಳನ್ನು ರಾತ್ರಿ ಹುಡುಕಿ ಮತ್ತೆ ಅಂಟಿಸಿ ಜೋಡಿಸುವ ಕೆಲಸದ ಹೆಂಗಸೊಬ್ಬಳಿದ್ದಾಳೆ. ಇನ್ನೊಂದರಲ್ಲಿ ಕೂಲಿಗಳನ್ನು ಗಿಡಗಳಂತೆ ಬೆಳೆಸುತ್ತಾರೆ, ಅವರಿಗೆ ಇಂತಿಷ್ಟೇ ವರ್ಷ ಆಯುಷ್ಯ. ಓದುವಾಗ ನಗು ಬರುತ್ತದೆ, ಮರುಕ್ಷಣ ನಮ್ಮ ಅಕಾಮಾದ ಮುಕ್ತಾಯ ದಿನಾಂಕ ನೆನಪಾಗುತ್ತದೆ. ಮಲಯಾಳಂನಲ್ಲಿ ಬೆನ್ಯಾಮಿನ್ ಬಹರೈನಿನಲ್ಲಿ ನೌಕರಿ ಮಾಡಿಕೊಂಡೇ ‘ಆಡುಜೀವಿತಂ’ ಬರೆದರು. 2008ರಲ್ಲಿ ಬಂದ ಅದು ಇಂದು ಕೊಲ್ಲಿಯ ಬದುಕಿನ ದಾಖಲೆಯಂತೆ ಓದಲ್ಪಡುತ್ತಿದೆ. ನಾವೂ ಅಷ್ಟೇ ವರ್ಷಗಳಿಂದ ಇಲ್ಲಿದ್ದೇವೆ. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು, ಕಾಸರಗೋಡು, ಕಲಬುರಗಿ, ಬೀದರಿನಿಂದ ಬಂದವರು ಈ ಸಭೆಯಲ್ಲೇ ಇದ್ದೀರಿ. ನಮ್ಮ ಕಥೆಗಳ ಕಪಾಟು ಮಾತ್ರ ಇನ್ನೂ ತೆಳುವಾಗಿದೆ.

ಎಲ್ಲದರ ಬಗ್ಗೆಯೂ ನಗಬಹುದೇ ಎಂದು ಕೇಳಿದರೆ, ಎಲ್ಲದಕ್ಕೂ ಒಂದು ಹೊತ್ತಿದೆ ಎನ್ನುತ್ತೇನೆ. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಹತ್ತಾರು ಭಾರತೀಯರು ಸತ್ತರು. ಅವರ ಶವಗಳು ವಾಯುಪಡೆಯ ವಿಮಾನದಲ್ಲಿ ಊರಿಗೆ ಹೋದವು. ಇಲ್ಲಿರುವ ಕೆಲವರಿಗೆ ಅವರಲ್ಲಿ ಯಾರದ್ದಾದರೂ ಮುಖ ಗೊತ್ತಿರಬಹುದು. ಆ ವಾರ ನಾನು ಒಂದು ಸಾಲೂ ಬರೆಯಲಿಲ್ಲ, ಬರೆಯಬಾರದು ಕೂಡ. ಸತ್ತವರ ಬಗ್ಗೆ ಹಾಸ್ಯ ಎಂದಿಗೂ ಇಲ್ಲ. ಆದರೆ ಒಂದು ಕೋಣೆಗೆ ಎಷ್ಟು ಮಂಚ ಹಿಡಿಸುತ್ತದೆ ಎಂದು ಎಕ್ಸೆಲ್ ಶೀಟಿನಲ್ಲಿ ಲೆಕ್ಕ ಹಾಕುವ ಬುದ್ಧಿಯ ಬಗ್ಗೆ, ಮೆಟ್ಟಿಲ ಮೇಲೆ ಸಾಮಾನು ಪೇರಿಸಿ ‘ಸ್ಥಳದ ಸದುಪಯೋಗ’ ಎಂದು ಕರೆಯುವ ಭಾಷೆಯ ಬಗ್ಗೆ, ಆ ಬುದ್ಧಿ ಆ ಭಾಷೆ ಎಲ್ಲಿ ಕಂಡರೂ, ಬರೆಯಲೇಬೇಕು. ನಗೆಯ ಬಾಣ ತಾಗಬೇಕಾದದ್ದು ಅಲ್ಲಿಗೆ.

ಬೆಕ್ಕಿನ ಲೆಕ್ಕ ಬರೆಯುವವನು

ಇಲ್ಲೇ ನನ್ನ ಸ್ವಂತ ತೊಡಕು. ಕೊಲ್ಲಿಯ ಯಾವುದೇ ಕಂಪನಿಯಲ್ಲಿ ಅಕೌಂಟೆಂಟ್ ಕೂರುವುದು ಬೆಕ್ಕಿನ ಪಕ್ಕದಲ್ಲಿ. ಓವರ್‌ಟೈಮ್ ಲೆಕ್ಕ, ಕಡಿತದ ಪಟ್ಟಿ, ಕೊನೆಯ ಸೆಟ್ಲ್‌ಮೆಂಟು ನನ್ನ ಮೇಜಿನಿಂದಲೇ ಹೊರಡುತ್ತವೆ. ಹಗಲು ಬೆಕ್ಕಿನ ಲೆಕ್ಕ ಬರೆಯುವವನು ರಾತ್ರಿ ಇಲಿಯ ಕಥೆ ಬರೆಯಬಹುದೇ?

ನಾನು ಕಂಡುಕೊಂಡ ದಾರಿ ಎಂದರೆ, ಕಥೆಯಲ್ಲಿ ಅಕೌಂಟೆಂಟನನ್ನು ಎಂದೂ ನಾಯಕನನ್ನಾಗಿ ಮಾಡದಿರುವುದು, ಹಾಗೆಂದು ಅವನನ್ನು ಕಥೆಯಿಂದ ಹೊರಗೂ ಇಡದಿರುವುದು. ಅವನು ಪೆನ್ನು ಹಿಡಿದು ಕೋಣೆಯಲ್ಲೇ ಇರಬೇಕು.

ಒಂದು ಉದಾಹರಣೆ ಕೊಟ್ಟರೆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯುತ್ತದೆ. ನನ್ನ ಒಂದು ಕಥೆ ಪೂರ್ತಿ ಕಲ್ಪನೆ. ಒಬ್ಬ ಮೇಸ್ತ್ರಿ ತೀರಿಕೊಂಡಿದ್ದಾನೆ. ಅವನಿಗೆ ಬರಬೇಕಾದ ಬಾಕಿ 612 ದಿನಾರ್ 350 ಫಿಲ್ಸ್. ಕಂಪ್ಯೂಟರಿನಲ್ಲಿರುವ ಕ್ಲಿಯರೆನ್ಸ್ ಫಾರ್ಮಿಗೆ ಏಳು ವಿಭಾಗಗಳ ಒಪ್ಪಿಗೆ ಸಿಕ್ಕಿದೆ. ಎಂಟನೆಯದು ‘ನೌಕರನ ಸಹಿ’. ಅದು ಖಾಲಿ ಇದ್ದರೆ ಪರದೆ ಮುಂದಕ್ಕೆ ಹೋಗುವುದಿಲ್ಲ. ಐಟಿಯವರು ‘ಅದು ಕಡ್ಡಾಯದ ಕಾಲಂ’ ಎನ್ನುತ್ತಾರೆ. ಎಚ್‌ಆರ್‌ನವರು ‘ಅವರು ಬಂದ ಕೂಡಲೇ ಸಹಿ ಮಾಡಿಸಿ’ ಎಂದು ಮೇಲ್ ಕಳಿಸುತ್ತಾರೆ. ವ್ಯವಸ್ಥೆ ಪ್ರತಿ ಸೋಮವಾರ ಸತ್ತವನಿಗೆ ನೆನಪೋಲೆ ಕಳಿಸುತ್ತದೆ, ಮೂರನೆಯದರಲ್ಲಿ ಶಿಸ್ತುಕ್ರಮದ ಎಚ್ಚರಿಕೆಯೂ ಇರುತ್ತದೆ.

ಇದೇ ಕಥೆಯನ್ನು ಎರಡು ರೀತಿ ಬರೆಯಬಹುದು. ಗುಮಾಸ್ತ ಇಂಕ್ ಪ್ಯಾಡ್ ಹಿಡಿದು ಶವಾಗಾರಕ್ಕೆ ಓಡುತ್ತಾನೆ ಎಂದು ಬರೆದರೆ ಸಭೆ ನಗುತ್ತದೆ, ಆದರೆ ಅಲ್ಲಿ ನಗೆಗೆ ಸಿಕ್ಕವನು ಸತ್ತವನು. ಎರಡನೇ ರೀತಿಯಲ್ಲಿ ನಾನು ಹೆಣವನ್ನು ತೋರಿಸುವುದೇ ಇಲ್ಲ. ಫಾರ್ಮನ್ನು ಮಾತ್ರ ತೋರಿಸುತ್ತೇನೆ, ಅದನ್ನು ಗಂಭೀರವಾಗಿ ನಂಬಿದ ಒಳ್ಳೆಯ ಜನರನ್ನು ತೋರಿಸುತ್ತೇನೆ. ಯಾರೂ ಕೆಟ್ಟವರಲ್ಲ, ಎಲ್ಲರೂ ನಿಯಮ ಪಾಲಿಸುವವರೇ. ನಡುನಡುವೆ ಊರಿನಿಂದ ಅವನ ಮಗಳು ಫೋನು ಮಾಡಿ ‘ಸರ್, ಅಪ್ಪನದ್ದು ಆಯ್ತಾ?’ ಎಂದು ಕೇಳುತ್ತಾಳೆ. ಬೇರೇನೂ ಕೇಳುವುದಿಲ್ಲ. ಆ 612 ದಿನಾರ್ 350 ಫಿಲ್ಸ್ ಕಥೆಯಲ್ಲಿ ಐದು ಸಲ ಬರುತ್ತದೆ, ಒಂದು ಫಿಲ್ಸೂ ಬದಲಾಗುವುದಿಲ್ಲ.

ಇದರಿಂದ ನಾನು ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ. ಹಾಸ್ಯಕ್ಕೆ ಉತ್ಪ್ರೇಕ್ಷೆ ಬೇಡ, ನಿಖರತೆ ಬೇಕು. ಮೊತ್ತ, ದಿನಾಂಕ, ಕಾಲಂ ಸಂಖ್ಯೆ ಸರಿಯಾಗಿದ್ದರೆ ಅಸಂಬದ್ಧತೆ ತಾನಾಗಿ ಎದ್ದು ಕಾಣುತ್ತದೆ. ದನಿ ಏರಿಸಬಾರದು, ಆಡಿಟ್ ವರದಿಯ ತಣ್ಣನೆಯ ದನಿಯೇ ಸಾಕು. ಮಾತುಗಳು ಅವರವರ ಕನ್ನಡದಲ್ಲೇ ಇರಲಿ. ಕುಂದಾಪುರದವನು ಕುಂದಗನ್ನಡದಲ್ಲಿ ಬಯ್ಯಲಿ, ಕಲಬುರಗಿಯವನು ತನ್ನ ಮಾತಿನಲ್ಲಿ ದೇವರನ್ನು ಕರೆಯಲಿ. ಪುಸ್ತಕದ ಕನ್ನಡವನ್ನು ಫಾರ್ಮಿಗೂ ಸುತ್ತೋಲೆಗೂ ಬಿಡಿ. ಆಗ ಮನುಷ್ಯ ಯಾರು, ವ್ಯವಸ್ಥೆ ಯಾವುದು ಎಂದು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಹೊತ್ತಿನ ಲೆಕ್ಕ

ಈಗ ಮೊದಲ ಪ್ರಶ್ನೆ. ಇದು ನನ್ನ ಕ್ಷೇತ್ರ, ಆದ್ದರಿಂದ ಅಂಕಿಯಲ್ಲೇ ಹೇಳುತ್ತೇನೆ.

ವಾರಕ್ಕೆ 168 ಗಂಟೆ. ಕುವೈತಿನ 2010ರ ಖಾಸಗಿ ವಲಯದ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸದ ಮಿತಿ ವಾರಕ್ಕೆ 48 ಗಂಟೆ. ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆಯಂತೆ ಆರು ದಿನಕ್ಕೆ 9. ಆರನೇ ರಿಂಗ್ ರಸ್ತೆಯ ಕೃಪೆ ಇದ್ದರೆ. ನಿದ್ದೆ ದಿನಕ್ಕೆ ಏಳರಂತೆ 49. ಅಡುಗೆ, ಸ್ನಾನ, ಬಟ್ಟೆ, ಬಕಾಲಾ, ಊರಿಗೆ ಫೋನು, ಮಕ್ಕಳ ಪಾಠ ಎಂದು ದಿನಕ್ಕೆ ನಾಲ್ಕರಂತೆ 28. ಒಟ್ಟು 134. ಉಳಿದದ್ದು 34 ಗಂಟೆ. ಓವರ್‌ಟೈಮ್ ಮಾಡುವವರಿಗೆ ಇದರಲ್ಲಿ ಅರ್ಧವೂ ಉಳಿಯದು, ಅದು ನನಗೆ ಗೊತ್ತು. ಆದರೂ ಬರವಣಿಗೆಗೆ ನಾನು ಕೇಳುವುದು ನಾಲ್ಕೂವರೆ ಗಂಟೆ ಮಾತ್ರ: ವಾರದಲ್ಲಿ ಐದು ದಿನ ಅರ್ಧರ್ಧ ಗಂಟೆ, ಶುಕ್ರವಾರ ಬೆಳಿಗ್ಗೆ ಎರಡು ಗಂಟೆ.

ಗಂಟೆಗೆ 200 ಪದ ಎಂದಿಟ್ಟುಕೊಂಡರೆ ವಾರಕ್ಕೆ 900. ಊರಿನ ರಜೆ, ಜ್ವರ, ನೆಂಟರು ಎಂದು ಆರು ವಾರ ಬಿಟ್ಟು 46 ವಾರಕ್ಕೆ 41,400 ಪದ. ಅದರಲ್ಲಿ ಅರ್ಧ ಹೊಡೆದುಹಾಕಬೇಕು; ಹೊಡೆದುಹಾಕದವನು ಲೇಖಕನಲ್ಲ, ಬರೀ ಟೈಪಿಸ್ಟ್. ಉಳಿದ 20,700 ಪದಗಳಲ್ಲಿ ಆರು ಕಥೆಗಳಾಗುತ್ತವೆ. ಎರಡು ವರ್ಷಕ್ಕೆ ಹನ್ನೆರಡು ಕಥೆ, ಒಂದು ಸಂಕಲನ.

ಆದರೆ ವರ್ಷದ ಎಲ್ಲ ತಿಂಗಳೂ ಒಂದೇ ಅಲ್ಲ. ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸುವ ಕಂಪನಿಗಳಲ್ಲಿ ಜನವರಿಯಿಂದ ಮಾರ್ಚ್ ಕೊನೆಯವರೆಗೆ ಆಡಿಟ್ಟಿನ ಹಂಗಾಮು. ಆಗ ನಾನು ಕಥೆ ಬರೆಯಲು ಹೋಗುವುದಿಲ್ಲ, ಟಿಪ್ಪಣಿ ಮಾತ್ರ. ಕೇಳಿದ ಒಂದು ಮಾತು, ಒಂದು ಹೆಸರು, ಒಂದು ಅಡ್ಡಹೆಸರು, ಫೋನಿನಲ್ಲಿ ಎರಡು ಸಾಲು. ರಮದಾನಿನಲ್ಲಿ ಕಾನೂನಿನ ಪ್ರಕಾರ ಕೆಲಸ ವಾರಕ್ಕೆ 36 ಗಂಟೆಗೆ ಇಳಿಯುತ್ತದೆ. ಅದು ಸಿಕ್ಕವರಿಗೆ ವರ್ಷದ ಒಳ್ಳೆಯ ತಿಂಗಳು, ಓದಿಗೂ ಬರಹಕ್ಕೂ. ಜುಲೈ, ಆಗಸ್ಟ್‌ನಲ್ಲಿ ಮನೆಯವರು ಊರಿಗೆ ಹೋಗಿ ನಾವು ಒಬ್ಬೊಬ್ಬರೇ ಉಳಿಯುತ್ತೇವಲ್ಲ, ಆ ಖಾಲಿ ಮನೆಯಲ್ಲಿ ಮೊದಲ ಕರಡು ಮುಗಿಸುವುದು ನನ್ನ ಪದ್ಧತಿ. ಬಿಸಿಲಲ್ಲಿ ದುಡಿಯುವವರಿಗೆ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಹೊರಗಿನ ಕೆಲಸಕ್ಕೆ ನಿಷೇಧವಿದೆ. ಆ ಹೊತ್ತು ದಣಿದ ದೇಹಕ್ಕೆ ಸೇರಿದ್ದು, ಅದನ್ನು ಕಥೆಗೆ ಕೊಡಿ ಎಂದು ಕೇಳುವ ಧೈರ್ಯ ನನಗಿಲ್ಲ. ಆದರೆ ಫೋನಿನಲ್ಲಿ ಮಾತನ್ನೇ ರೆಕಾರ್ಡ್ ಮಾಡಿ ಕಥೆ ಹೇಳಬಹುದು, ಬರೆದುಕೊಳ್ಳಲು ಜೊತೆಗಾರರು ಸಿಗುತ್ತಾರೆ. ನಮ್ಮ ಅಜ್ಜಿಯರು ಒಂದಕ್ಷರ ಬರೆಯದೆ ಎಷ್ಟು ಕಥೆ ಹೇಳಲಿಲ್ಲ?

ಭಾರತದ ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಲಾಂಛನದಲ್ಲಿ ಕಠೋಪನಿಷತ್ತಿನ ಮಾತೊಂದಿದೆ. ಮಲಗಿದವರ ನಡುವೆ ಎಚ್ಚರವಾಗಿರುವವನು ಎಂಬ ಅರ್ಥದ್ದು. ಆರ್ಟಿಕಲ್‌ಶಿಪ್ ಮಾಡುವಾಗ ಅದನ್ನು ಮಾರ್ಚ್ ತಿಂಗಳ ವರ್ಣನೆ ಎಂದುಕೊಂಡಿದ್ದೆವು. ಈಗ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯ ದೀಪದಲ್ಲಿ ಕೂತಾಗ ಬೇರೆ ಅರ್ಥ ಹೊಳೆಯುತ್ತದೆ. ಆದರೆ ಒಂದು ಎಚ್ಚರಿಕೆ. ನಿದ್ದೆಯ 49 ಗಂಟೆಗೆ ಕೈ ಹಾಕಬೇಡಿ. ಮರುದಿನ ಕ್ರೇನು ನಡೆಸುವವರು, ಇಂಜೆಕ್ಷನ್ ಕೊಡುವವರು, ಬಸ್ಸು ಓಡಿಸುವವರು ನಿಮ್ಮಲ್ಲಿದ್ದೀರಿ.

ಗುಟ್ಟು, ಕಾನೂನು, ಕಾಸು

ಮೂರನೇ ಪ್ರಶ್ನೆ, ನೌಕರಿಗೆ ಕುತ್ತು ಬಾರದೇ? ಎಚ್ಚರ ತಪ್ಪಿದರೆ ಬರುತ್ತದೆ.

ನಮ್ಮ ವೃತ್ತಿಯಲ್ಲಿ ಗುಟ್ಟು ಕಾಯುವುದು ಕಾನೂನಿನ ಮಾತು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿ ಉದ್ಯೋಗದಲ್ಲಿ ತಿಳಿದ ಗೋಪ್ಯ ಮಾಹಿತಿಯನ್ನು ಹೊರಗೆಡವುದನ್ನು ದುರ್ನಡತೆ ಎನ್ನುತ್ತದೆ. ಬರೆಯುವುದಕ್ಕೆ ಮಾತ್ರ ಅಡ್ಡಿಯಿಲ್ಲ: ಸ್ವತಂತ್ರವಾಗಿ ಪ್ರಾಕ್ಟೀಸ್ ಮಾಡುವ ಸಿಎಗಳಿಗೂ ಪುಸ್ತಕ, ಲೇಖನ ಬರೆಯಲು ಸಂಸ್ಥೆಯ ಸಾಮಾನ್ಯ ಅನುಮತಿ ಇದೆ. ಹಾಗೆಯೇ ನರ್ಸಿಗೆ ರೋಗಿಯ ಗುಟ್ಟು, ಮನೆಗೆಲಸದವರಿಗೆ ಮನೆಯ ಗುಟ್ಟು, ಡ್ರೈವರಿಗೆ ಹಿಂದಿನ ಸೀಟಿನ ಗುಟ್ಟು. ಅವನ್ನು ಕಥೆ ಮಾಡುವುದು ನಂಬಿಕೆದ್ರೋಹ.

ಹಾಗಾದರೆ ಬರೆಯುವುದು ಏನನ್ನು? ಘಟನೆಯನ್ನಲ್ಲ, ಘಟನೆಯ ತರ್ಕವನ್ನು. ‘ನಮ್ಮ ಕಚೇರಿಯಲ್ಲಿ ಇಂಥವರಿಗೆ ಹೀಗಾಯಿತು’ ಎಂಬುದನ್ನು ಬಿಡಿ. ‘ಖಾಲಿ ಕಾಲಂ ಇದ್ದರೆ ಪರದೆ ಮುಂದಕ್ಕೆ ಹೋಗುವುದಿಲ್ಲ’ ಎಂಬುದು ಯಾರ ಸ್ವತ್ತೂ ಅಲ್ಲ, ಜಗತ್ತಿನ ಎಲ್ಲ ಕಚೇರಿಗಳಲ್ಲೂ ಇದೆ. ನಾನು ಊರು, ಉದ್ಯಮ, ಹುದ್ದೆ, ಮೊತ್ತ ನಾಲ್ಕನ್ನೂ ಬದಲಾಯಿಸುತ್ತೇನೆ. ಆಮೇಲೆ ಕೇಳಿಕೊಳ್ಳುತ್ತೇನೆ: ಇದನ್ನು ಓದಿ ಒಬ್ಬ ನಿಜವಾದ ವ್ಯಕ್ತಿ ‘ಇದು ನಾನೇ’ ಎನ್ನಬಹುದೇ? ಒಬ್ಬನೇ ಹಾಗೆ ಹೇಳಬಹುದಾದರೆ ಕಥೆಯನ್ನು ಮತ್ತೆ ಬರೆಯುತ್ತೇನೆ. ನೂರು ಮಂದಿ ಹೇಳಬಹುದಾದರೆ ಪ್ರಕಟಿಸುತ್ತೇನೆ.

ನಾವಿರುವ ದೇಶದ ಕಾನೂನೂ ಇದೆ. 2006ರ ಮುದ್ರಣ ಮತ್ತು ಪ್ರಕಟಣೆ ಕಾನೂನು, 2015ರ ಮಾಹಿತಿ ತಂತ್ರಜ್ಞಾನ ಅಪರಾಧಗಳ ಕಾನೂನು ವಿದೇಶಿಯರಾದ ನಮಗೂ ಅನ್ವಯ. ಸಿಟ್ಟಿನಲ್ಲಿ ಕಂಪನಿಯ ಹೆಸರು ಹಾಕಿ ವಾಟ್ಸಾಪಿಗೆ ಬಿಟ್ಟದ್ದು ಕಥೆಯಲ್ಲ, ದೂರು. ದೂರಿಗೆ ರಾಯಭಾರ ಕಚೇರಿ, ಕಾರ್ಮಿಕ ಇಲಾಖೆ ಎಂಬ ಬೇರೆ ಬಾಗಿಲುಗಳಿವೆ, ಅಲ್ಲಿಗೇ ಹೋಗಬೇಕು. ನಿಮ್ಮ ಕೆಲಸದ ಕರಾರನ್ನು ಒಮ್ಮೆ ಓದಿ, ಹೊರಗಿನ ಚಟುವಟಿಕೆಯ ಬಗ್ಗೆ ಅದರಲ್ಲಿ ಏನಿದೆ ನೋಡಿ. ಕಚೇರಿಯ ಲ್ಯಾಪ್‌ಟಾಪಿನಲ್ಲಿ, ಕಚೇರಿಯ ಹೊತ್ತಿನಲ್ಲಿ, ಕಚೇರಿಯ ಮೇಲಿನಲ್ಲಿ ಒಂದಕ್ಷರವೂ ಬೇಡ.

ಕಾಸಿನ ವಿಷಯ ಬೇಗ ಮುಗಿಯುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಕಲಂ ಲೇಖಕರ ರಾಯಲ್ಟಿಗೆ 3 ಲಕ್ಷ ರೂಪಾಯಿವರೆಗೆ ವಿನಾಯಿತಿ ಕೊಟ್ಟದ್ದು ಭಾರತದ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಾದ ನಮಗಲ್ಲ. ಚಿಂತೆ ಬೇಡ. ಕನ್ನಡ ಕಥೆಗೆ ಬರುವ ಗೌರವಧನಕ್ಕೆ ಆ ಕಲಂ ಬೇಕಾಗುವಷ್ಟು ಆಪತ್ತು ನನಗಂತೂ ಇನ್ನೂ ಬಂದಿಲ್ಲ. ಆದ್ದರಿಂದಲೇ ನೌಕರಿಯನ್ನು ಕಥೆಯ ಶತ್ರು ಎಂದುಕೊಳ್ಳಬೇಡಿ. ಬಾಡಿಗೆ ಕಟ್ಟುವುದು ಅದು. ಕಥೆ ಮಾರಿ ಬಾಡಿಗೆ ಕಟ್ಟಬೇಕಾದವನು ಮಾರಾಟವಾಗುವ ಕಥೆಯನ್ನೇ ಬರೆಯಬೇಕಾಗುತ್ತದೆ. ನನಗೆ ಆ ಹಂಗಿಲ್ಲ.

ಊರಿಗೆ ಹೋದ ಮೇಲೆ

ಕೊನೆಯ ಮಾತು. ನಾವು ಇಲ್ಲಿ ಎಲ್ಲವನ್ನೂ ಮುಂದೂಡುವವರು. ಮನೆ ಕಟ್ಟಿಸಿದ ಮೇಲೆ, ತಂಗಿಯ ಮದುವೆ ಆದ ಮೇಲೆ, ಮಗನ ಎಂಜಿನಿಯರಿಂಗ್ ಮುಗಿದ ಮೇಲೆ. ಲೆಕ್ಕದ ಪುಸ್ತಕದಲ್ಲಿ ಎಲ್ಲಿ ಬರೆಯಬೇಕೆಂದು ತಿಳಿಯದ್ದನ್ನೆಲ್ಲ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಇಲ್ಲಿ ಬದುಕನ್ನೇ ಹಾಗೆ ಹಾಕಿಟ್ಟಿದ್ದೇವೆ. ‘ಊರಿಗೆ ಹೋದ ಮೇಲೆ ಬರೆಯುತ್ತೇನೆ’ ಎಂಬುದು ಆ ಖಾತೆಯ ಹಳೆಯ ನಮೂದು.

ಇಂಡೆಮ್ನಿಟಿಯ ಲೆಕ್ಕ ನಿಮಗೆಲ್ಲ ಬಾಯಿಪಾಠ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೊಂದು ತಿಂಗಳದ್ದು, ಒಟ್ಟು ಒಂದೂವರೆ ವರ್ಷದ ಸಂಬಳ ಮೀರುವಂತಿಲ್ಲ. ಅದು ನಾವು ನೆನೆಯದಿದ್ದರೂ ತನ್ನಷ್ಟಕ್ಕೆ ಬೆಳೆಯುತ್ತದೆ. ಬರೆಯದ ಕಥೆಗೆ ಆ ಗುಣವಿಲ್ಲ, ಅದು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಜೊತೆಗಿದ್ದವನ ಅಡ್ಡಹೆಸರು ಮರೆಯುತ್ತದೆ, ಕ್ಯಾಂಪಿನ ಬಾಗಿಲಿಗೆ ಯಾವ ಬಣ್ಣವಿತ್ತು ಎಂದು ಮರೆಯುತ್ತದೆ, ಯಾವ ಮಾತಿಗೆ ಹತ್ತು ಜನ ಹೊಟ್ಟೆ ಹಿಡಿದು ನಕ್ಕಿದ್ದೆವು ಎಂದು ಮರೆಯುತ್ತದೆ. ಊರಿಗೆ ಹೋದ ಮೇಲೆ ಕೈಯಲ್ಲಿ ಹೊತ್ತಿರುತ್ತದೆ, ಬರೆಯುವ ಸಂಗತಿ ಇರುವುದಿಲ್ಲ.

ಆದ್ದರಿಂದ ಕೂಟದ ಮುಂದೆ ಒಂದು ಸಣ್ಣ ಕೋರಿಕೆ ಇಟ್ಟಿದ್ದೇನೆ, ಅಧ್ಯಕ್ಷರು ಒಪ್ಪಿದ್ದಾರೆ. ತಿಂಗಳಿಗೊಂದು ಶುಕ್ರವಾರ ಸಂಜೆ ಎರಡು ಗಂಟೆ, ಹತ್ತು ಜನ ಸಾಕು. ಪ್ರತಿಯೊಬ್ಬರೂ ಒಂದು ಪುಟ ತರಬೇಕು. ಬರೆಯಲು ಬಾರದವರು ಹೇಳಬೇಕು, ಬರುವವರು ಬರೆದುಕೊಳ್ಳಬೇಕು. ಹೆಸರು ಬದಲಾಯಿಸುವ ಕೆಲಸವನ್ನು ಉಚಿತವಾಗಿ ಮಾಡಿಕೊಡಲು ನಾನಿದ್ದೇನೆ. ಮೊದಲ ಸಲದ ವಿಷಯ ಸುಲಭದ್ದು: ‘ನಾನು ತುಂಬಿದ ಅತ್ಯಂತ ವಿಚಿತ್ರವಾದ ಫಾರ್ಮ್’. ಇದರ ಬಗ್ಗೆ ಹೇಳಲು ಏನೂ ಇಲ್ಲದವರು ಈ ಸಭಾಂಗಣದಲ್ಲಿ ಒಬ್ಬರಾದರೂ ಇದ್ದರೆ ಅವರು ಈಗಲೇ ಕೈ ಎತ್ತಿ, ನಿಮಗೆ ವಿನಾಯಿತಿ.

ಯಾರೂ ಎತ್ತಲಿಲ್ಲ. ಹಾಗಾದರೆ ಮುಂದಿನ ತಿಂಗಳು ಸಿಗೋಣ.